ಹಿಮ್ಮೆಟ್ಟುವಿಕೆಯೂ ವಿರತಿಯೂ

ಇಂಗ್ಲಿಷಿನಲ್ಲಿ ‘ರಿಟ್ರೀಟ್’ ಎಂಬ ಶಬ್ದವೊಂದುಂಟು. ಹಿಂದಕ್ಕೆ ಎಳೆದುಕೊಳ್ಳುವುದು ಎಂಬರ್ಥದ ಲ್ಯಾಟಿನ್ ಮೂಲದಿಂದ ಹುಟ್ಟಿ, ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದಿತು. 1812ರಲ್ಲಿ ನೆಪೋಲಿಯನ್ನನ ಸೈನ್ಯವು ಹಸಿವು ಚಳಿಗಳಿಗೆ ತುತ್ತಾಗುತ್ತ ಮಾಸ್ಕೋದಿಂದ ಹಿಮ್ಮೆಟ್ಟಿದುದೂ ರಿಟ್ರೀಟ್. ಇಗ್ನೇಷಿಯಸ್ ಲೊಯೋಲನು ರೂಪಿಸಿದ ಕ್ರಮದಂತೆ ಕ್ಯಾಥೊಲಿಕ್ ಸಾಧಕರು ಸುಮಾರು 30 ದಿನ ಮೌನದಲ್ಲಿ ಧ್ಯಾನಿಸುವುದೂ ರಿಟ್ರೀಟ್. ಅಂಜಿ ಸರಿದವನನ್ನೂ ಅರಿತು ಸರಿದವನನ್ನೂ ಈ ಶಬ್ದವು ಬೇರ್ಪಡಿಸದು.

ಜಿನಾಗಮವು ಮಾತ್ರ ಈ ಭೇದವನ್ನು ಮರೆಯಲಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹಿಂಸೆ, ಅಸತ್ಯ, ಚೌರ್ಯ, ಅಬ್ರಹ್ಮ, ಪರಿಗ್ರಹಗಳಿಂದ ವಿರತನಾಗುವುದನ್ನೇ ವ್ರತವೆನ್ನುತ್ತದೆ. ಸಂಕಲ್ಪಪೂರ್ವಕವಾಗಿ ಮಾಡಿಕೊಂಡ ನಿಯಮವೇ ವ್ರತವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಐದು ಇಂದ್ರಿಯಗಳೂ ತಮ್ಮ ವಿಷಯಗಳ ಆತುರವನ್ನು ತೊರೆದು ಬಂದು ನೆಲೆಸುವುದೇ ಉಪವಾಸವೆಂಬುದೂ ಅವರ ನಿರೂಪಣೆಯೇ. ಆದುದರಿಂದ ಅನ್ನವನ್ನು ಬಿಟ್ಟಮಾತ್ರಕ್ಕೆ ಉಪವಾಸವು ಪೂರ್ಣವಾಗದು.

ಸೆರೆಯಲ್ಲಿರುವವನು ಪರವಶನಾಗಿ ಹಸಿವು ತೃಷೆಗಳನ್ನು ಸಹಿಸುವುದರಿಂದಾಗುವ ಕರ್ಮಕ್ಷಯಕ್ಕೆ ಅಕಾಮನಿರ್ಜರೆಯೆಂದು ಹೆಸರು. ಅದನ್ನು ದೇವಾಯುವಿನ ಕಾರಣಗಳಲ್ಲಿ ಎಣಿಸಿದ್ದಾರೆ. ಹಾಗಾದರೆ, ಅಷ್ಟಮಿ ಚತುರ್ದಶಿಗಳಂದು ಮನೆಯ ಹಿರಿಯರು ಸೊಸೆಯನ್ನೋ ಬಾಲಕನನ್ನೋ ಒತ್ತಾಯದಿಂದ ಉಪವಾಸವಿರಿಸಿದರೂ ಒಳಿತೇ ಅಲ್ಲವೆ ಎಂದು ಕೆಲವರು ಕೇಳಬಹುದು. ಇದು ಸರಿಯಾದ ವಾದವಲ್ಲ. ಫಲವೇನಿದ್ದರೂ ಸಹಿಸಿದವರದು, ಒತ್ತಾಯಿಸಿದವರಿಗೆ ಅದರಲ್ಲಿ ಪಾಲಿಲ್ಲ. ಅದೂ ಅಲ್ಲದೆ, ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲೊಂದು. ವ್ರತದ ಹೆಸರಿನಲ್ಲಿ ಪರರ ತಟ್ಟೆಯನ್ನು ಸರಿಸುವವನು ತನ್ನ ವ್ರತಕ್ಕೇ ಕಳಂಕ ತಂದುಕೊಳ್ಳುತ್ತಾನೆ. ಹಿರಿಯರು ತಾವು ಆಚರಿಸಿ ತೋರಲಿ, ತಿಳಿಯಹೇಳಲಿ. ಸಂಕಲ್ಪವು ಅವರವರ ಅಂತರಂಗದಿಂದಲೇ ಮೂಡಬೇಕು.

ಹಾಗೆಂದು, ಅನಿವಾರ್ಯವಾಗಿ ಬಿಡಬೇಕಾದುದೆಲ್ಲವೂ ವ್ಯರ್ಥವೆಂದು ಭಾವಿಸಬೇಕಾಗಿಲ್ಲ. ಮಧುಮೇಹಿಯಾದ ವೃದ್ಧರು ವೈದ್ಯರ ಮಾತಿನಂತೆ ಸಿಹಿಯನ್ನು ಬಿಟ್ಟು, ಹೋಳಿಗೆಯ ತಟ್ಟೆಯನ್ನು ಕಂಡಾಗಲೆಲ್ಲ ಮರುಗುತ್ತಿದ್ದರೆ ಅದು ಸೋತ ಸೈನ್ಯದ ಹಿಮ್ಮೆಟ್ಟುವಿಕೆ. ಅದೇ ವೃದ್ಧರು ‘ಇನ್ನು ಇದರ ಆಸೆಯೂ ಬೇಡ’ ಎಂದು ಮನಸಾರೆ ನಿಯಮ ಮಾಡಿಕೊಂಡರೆ ಅಲ್ಲಿಂದ ತ್ಯಾಗವು ಆರಂಭವಾಗುತ್ತದೆ. ನಾಲಗೆಗೆ ತಪ್ಪಿದ ಸಿಹಿ ಒಂದೇ. ಆದರೆ ಮೊದಲನೆಯದನ್ನು ರೋಗವು ಕಸಿದುಕೊಂಡಿತು, ಎರಡನೆಯದನ್ನು ಆತ್ಮವು ತಾನಾಗಿ ಬಿಟ್ಟುಕೊಟ್ಟಿತು. ಪಾರಣೆಗೆ ಕುಳಿತ ಶ್ರಾವಕನು ತನ್ನ ಉಪವಾಸವು ಇವೆರಡರಲ್ಲಿ ಯಾವುದೆಂದು ವಿಚಾರಿಸಿಕೊಳ್ಳುವುದು ಶ್ರೇಯಸ್ಕರ.