ಇಳಿವಯಸ್ಸಿಗೆ ಊರಾವುದು?

ಮನುಷ್ಯನು ತಾನು ಹುಟ್ಟುವ ಊರನ್ನು ಆರಿಸಿಕೊಳ್ಳುವುದಿಲ್ಲ. ದುಡಿಯುವ ಊರನ್ನೂ ಬಹುಮಟ್ಟಿಗೆ ಆರಿಸಿಕೊಳ್ಳಲಾರನು. ಸರಕಾರದ ಆಜ್ಞೆ, ವ್ಯಾಪಾರದ ಅನುಕೂಲ, ಮಕ್ಕಳ ವಿದ್ಯಾಭ್ಯಾಸ ಇವು ಎಳೆದ ಕಡೆಗೆ ಅವನ ಸಂಸಾರವು ಸಾಗುತ್ತದೆ. ಉದ್ಯೋಗವು ಮುಗಿಯುವ ಹೊತ್ತಿಗೆ ಮಾತ್ರ, ಆಯುಷ್ಯದಲ್ಲಿ ಪ್ರಾಯಶಃ ಒಂದೇ ಸಲ, ಇನ್ನು ಎಲ್ಲಿ ಇರಬೇಕೆಂಬ ಪ್ರಶ್ನೆಯು ಅವನ ಸ್ವಂತ ಇಚ್ಛೆಗೆ ಬರುತ್ತದೆ. ಇಲ್ಲಿಯವರೆಗೆ ಅವನ ಜೀವನದ ಕೊರತೆಗಳಿಗೆ ಪರಿಸ್ಥಿತಿಯು ಹೊಣೆಯಾಗಿತ್ತು. ಈ ಒಂದು ಆಯ್ಕೆಗೆ ಅವನೇ ಹೊಣೆ. ಆದುದರಿಂದ ಇಳಿವಯಸ್ಸಿಗೆ ಊರನ್ನು ಹುಡುಕುವುದು ಮನೆಬಾಡಿಗೆಯ ಲೆಕ್ಕವಷ್ಟೇ ಆಗಿರದೆ, ನೀತಿಯ ಪ್ರಶ್ನೆಯೂ ಆಗಿದೆ.

ಈ ಪ್ರಶ್ನೆಯು ಸಣ್ಣದೆಂದು ತಿಳಿಯಲಾಗದು. ಕರ್ನಾಟಕದ ಸರಕಾರಿ ನೌಕರರ ನಿವೃತ್ತಿಯ ವಯಸ್ಸು 2008ರಿಂದ 60 ವರ್ಷವಾಗಿದೆ. ಅರವತ್ತನ್ನು ತಲುಪಿದ ಭಾರತೀಯನು ಸರಾಸರಿಯಾಗಿ ಇನ್ನೂ ಸುಮಾರು 18 ವರ್ಷ ಬದುಕುತ್ತಾನೆ. ಹದಿನೆಂಟು ವರ್ಷವೆಂದರೆ ಒಂದು ಮಗುವು ಹುಟ್ಟಿ, ಬೆಳೆದು, ಮತದಾನದ ಹಕ್ಕನ್ನು ಪಡೆಯುವಷ್ಟು ಕಾಲ. ಇಷ್ಟು ದೀರ್ಘವಾದ ಅವಧಿಯನ್ನು ರೈಲು ಬರುವವರೆಗೆ ನಿಲ್ದಾಣದ ಬೆಂಚಿನ ಮೇಲೆ ಕಳೆಯುವ ಹೊತ್ತೆಂದು ಎಣಿಸುವುದು ಜೀವನಕ್ಕೆ ಮಾಡುವ ಅಪಚಾರವೇ ಸರಿ.

ನಗರದಲ್ಲಿ ದುಡಿದು ಬಳಲಿದವರು ಚಿಕ್ಕ ಊರನ್ನು ಬಯಸುವುದು ಸಹಜ. ನೀರಿನ ತೊಂದರೆ, ವಾಹನಗಳ ಗದ್ದಲ, ಏರುವ ಬಾಡಿಗೆ, ನೆರೆಯವರ ಹೆಸರೂ ತಿಳಿಯದ ಬೀದಿ, ಇವುಗಳಿಂದ ಬೇಸತ್ತವರ ಮನಸ್ಸು ಧಾರವಾಡ, ಮೈಸೂರುಗಳ ಕಡೆಗೂ, ಇನ್ನೂ ಚಿಕ್ಕವಾದ ಶಿರಸಿ, ಸಾಗರ, ಕಾರ್ಕಳಗಳ ಕಡೆಗೂ ಹೊರಳುತ್ತದೆ. ತಂಪಾದ ಗಾಳಿ, ನಡೆದು ತಲುಪಬಹುದಾದ ಪೇಟೆ, ಮಿತವಾದ ಖರ್ಚು, ಇವುಗಳನ್ನು ಬಯಸುವುದರಲ್ಲಿ ದೋಷವಿಲ್ಲ. ಶರಣರು ದೇಹವನ್ನು ಹಳಿದು ದಂಡಿಸಿರೆಂದು ಬೋಧಿಸಿದವರಲ್ಲ; ದೇಹವನ್ನು ದೇಗುಲವೆಂದು ಬಗೆದವರು. ಮುಪ್ಪಿನ ಮೊಣಕಾಲಿಗೆ ಏರಿಲ್ಲದ ಬೀದಿ ಬೇಕೆನ್ನುವುದು ಭೋಗದ ಆಸೆಯಾಗುವುದಿಲ್ಲ.

ಆದರೆ ಈ ಬಯಕೆಗೆ ಒಂದು ವಿಚಿತ್ರವಾದ ಸ್ವಭಾವವಿದೆ. ತಾನು ಮೆಚ್ಚಿ ಬಂದುದನ್ನೇ ಅದು ಸವೆಸಿಬಿಡುತ್ತದೆ. ಬೆಂಗಳೂರು ಒಂದು ಕಾಲಕ್ಕೆ ವಿಶ್ರಾಂತಿವೇತನ ಪಡೆಯುವವರ ಸ್ವರ್ಗವೆಂದೇ ಹೆಸರಾಗಿತ್ತು. ಹಿತವಾದ ಹವೆ, ಅಂಗಳವುಳ್ಳ ಮನೆ, ಮರಗಳ ಸಾಲು, ಇವುಗಳಿಗಾಗಿ ದೂರದೂರದವರು ಬಂದು ನೆಲೆಸಿದರು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, ಮುಂದೆ ಗಣಕಯಂತ್ರದ ಉದ್ಯಮ ಬಂದವು. 1951ರಲ್ಲಿ ಎಂಟು ಲಕ್ಷಕ್ಕಿಂತ ಕಡಮೆಯಿದ್ದ ಜನಸಂಖ್ಯೆಯು 2011ರಲ್ಲಿ 84 ಲಕ್ಷವನ್ನು ಮೀರಿತು. ಈ ಬೆಳವಣಿಗೆಗೆ ವೃದ್ಧರು ಕಾರಣರಲ್ಲ, ನಿಜ. ಆದರೆ ಶಾಂತಿಯನ್ನು ಅರಸಿ ಬಂದ ಊರು ಶಾಂತವಾಗಿಯೇ ಉಳಿಯುವುದೆಂಬ ಭರವಸೆಯನ್ನು ಯಾರೂ ಯಾರಿಗೂ ಕೊಡಲಾರರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಧಾರವಾಡದ ಸಂಗತಿಯೂ ಹೀಗೆಯೇ ವಿಚಾರಾರ್ಹವಾಗಿದೆ. ಮಲೆನಾಡೂ ಬಯಲುಸೀಮೆಯೂ ಕೂಡುವಲ್ಲಿ, ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಳಿಗೂ ಎತ್ತರದಲ್ಲಿರುವ ಈ ಊರಿಗೆ ನಿವೃತ್ತರು ಬರುತ್ತಿದ್ದುದು ಹವೆಗಾಗಿ ಮಾತ್ರವಲ್ಲ. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, 1950ರ ಆಕಾಶವಾಣಿ ಕೇಂದ್ರ, ಇವುಗಳ ಸುತ್ತ ಬೆಳೆದ ಉಪನ್ಯಾಸ, ಸಂಗೀತ, ಗ್ರಂಥಾಲಯಗಳ ಬಾಳು ಅವರನ್ನು ಕರೆಯಿತು. 1962ರಲ್ಲಿ ಹುಬ್ಬಳ್ಳಿಯೊಡನೆ ಒಂದು ಮಹಾನಗರಪಾಲಿಕೆಯಾಗಿ ಕೂಡಿದ ಈ ಅವಳಿನಗರದ ಜನಸಂಖ್ಯೆಯು 2011ರಲ್ಲಿ ಒಂಬತ್ತು ಲಕ್ಷವನ್ನು ದಾಟಿತ್ತು. 2008ರಲ್ಲಿ ಉಚ್ಚನ್ಯಾಯಾಲಯದ ಪೀಠವೂ 2016ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಇಲ್ಲಿ ಆರಂಭವಾದವು. ಕೇವಲ ನಿಶ್ಶಬ್ದವನ್ನು ಬಯಸಿ ಬಂದವನಿಗೆ ಇದು ನಷ್ಟವಾಗಿ ಕಂಡೀತು. ಸಂಘದ ಬಾಳನ್ನು ಬಯಸಿ ಬಂದವನಿಗೆ ಊರು ಇಂದಿಗೂ ಬರಿದಾಗಿಲ್ಲ. ಊರು ಬದಲಾದಾಗಲೂ ಉಳಿಯುವ ಕಾರಣಕ್ಕಾಗಿ ಬಂದವನು ಮೋಸಹೋಗಲಿಲ್ಲ.

ಊರನ್ನು ಆರಿಸುವವನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಈ ಊರು ನನಗೆ ಏನು ಕೊಡುವುದು? ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳಬೇಕು: ಈ ಊರಿಗೆ ನಾನು ಏನಾಗುವೆನು? ನಗರದಲ್ಲಿಯ ಮನೆಯನ್ನು ಮಾರಿ ಬಂದವನ ಕೈಯಲ್ಲಿ ಚಿಕ್ಕ ಊರಿನ ಶಿಕ್ಷಕನಾಗಲಿ ನೇಕಾರನಾಗಲಿ ಕಾಣದಷ್ಟು ಹಣವಿರುತ್ತದೆ. ಕೇಳಿದ ಬೆಲೆಯನ್ನು ಅವನು ಮರುಮಾತಿಲ್ಲದೆ ಕೊಟ್ಟರೆ, ಮರುದಿನ ಆ ಬೀದಿಯ ಎಲ್ಲ ನಿವೇಶನಗಳ ಬೆಲೆಯೂ ಅಷ್ಟಾಗುತ್ತದೆ. ಅಲ್ಲಿಯೇ ಹುಟ್ಟಿದ ಯುವಕನು ಮನೆ ಕಟ್ಟಲಾರದೆ ಊರಾಚೆಗೆ ಸರಿಯುತ್ತಾನೆ. ಬೇಸಗೆಯಲ್ಲಿ ಆಳವಾದ ಕೊಳವೆಬಾವಿಯು ನೆರೆಯವನ ಸೇದುಬಾವಿಯನ್ನು ಬತ್ತಿಸಬಹುದು. ಯಾವ ಕಾನೂನನ್ನೂ ಮುರಿಯದೆ, ಯಾರಿಗೂ ಕೆಟ್ಟದ್ದನ್ನು ಬಯಸದೆ, ಒಬ್ಬ ಸಜ್ಜನನು ಒಂದು ಬೀದಿಗೆ ಭಾರವಾಗುವುದು ಹೀಗೆ. ಪಡೆದುದಕ್ಕೆ ಪ್ರತಿಯಾಗಿ ಸಲ್ಲಿಸುವುದನ್ನು ಶರಣರು ದಾಸೋಹವೆಂದು ಕರೆದರು. ಹೊಸ ಊರಿನ ಗಾಳಿ, ನೀರು, ನೆರೆಹೊರೆಗಳೂ ಪಡೆದುದರ ಲೆಕ್ಕದಲ್ಲಿಯೇ ಸೇರುತ್ತವೆ.

ಇಲ್ಲಿ ಒಂದು ಆಕ್ಷೇಪವು ಏಳುವುದು ನ್ಯಾಯವಾಗಿದೆ. ಮೂವತ್ತೈದು ವರ್ಷ ದುಡಿದವನು, ಮಕ್ಕಳನ್ನು ಓದಿಸಿದವನು, ಸಾಲವನ್ನು ತೀರಿಸಿದವನು ಇನ್ನೂ ಋಣದಲ್ಲಿರಬೇಕೇ? ಅವನಿಗೆ ವಿಶ್ರಾಂತಿಯ ಹಕ್ಕಿಲ್ಲವೇ? ಹಕ್ಕು ನಿಶ್ಚಯವಾಗಿಯೂ ಇದೆ. ಹಳೆಯ ಧರ್ಮಶಾಸ್ತ್ರವು ಗೃಹಸ್ಥನು ಕೂದಲು ನರೆತು ಮೊಮ್ಮಗನ ಮುಖವನ್ನು ಕಂಡ ಮೇಲೆ ಅರಣ್ಯಕ್ಕೆ ತೆರಳಬಹುದೆಂದು ಹೇಳಿತು. ಆದರೆ ವಾನಪ್ರಸ್ಥನು ಅರಣ್ಯಕ್ಕೆ ಹೋಗುತ್ತಿದ್ದುದು ಹೆಚ್ಚಿನ ಸೌಕರ್ಯಕ್ಕಲ್ಲ, ಅವಶ್ಯಕತೆಗಳನ್ನು ಕಡಮೆ ಮಾಡಿಕೊಳ್ಳಲು. ಇಂದಿನ ಚಿಕ್ಕ ಊರನ್ನು ಹಳೆಯ ಅರಣ್ಯದ ಸ್ಥಾನದಲ್ಲಿಟ್ಟು ನೋಡುವವರು ಈ ಭಾಗವನ್ನು ಮರೆಯುತ್ತಾರೆ. ವಚನಕಾರರಾದರೋ ಜೀವನವನ್ನು ಹೀಗೆ ಆಶ್ರಮಗಳಾಗಿ ಕಡಿದು ತೋರಿಸಲಿಲ್ಲ. ಅವರ ದೃಷ್ಟಿಯಲ್ಲಿ ಸಂಬಳದ ನೌಕರಿಗೆ ಒಂದು ಕೊನೆಯ ದಿನವುಂಟು. ಕಾಯಕಕ್ಕೆ ಅಂಥ ದಿನವಿಲ್ಲ. ದೇಹಶಕ್ತಿಗೆ ತಕ್ಕಂತೆ ಅದರ ರೂಪವು ಬದಲಾಗುತ್ತದೆ, ಭಾರವು ಹಗುರಾಗುತ್ತದೆ. ಹೀಗಿರುವಾಗ ವಿಶ್ರಾಂತಿಗೂ ಕಾಯಕಕ್ಕೂ ವಿರೋಧವಿಲ್ಲ. ದಿನಕ್ಕೆ ಒಂದು ಗಂಟೆ ಯಾರಿಗಾದರೂ ಬೇಕಾದವನಾಗಿ ಉಳಿದ ಹೊತ್ತು ಸುಖವಾಗಿರುವವನು ತನ್ನ ಹಕ್ಕನ್ನು ಕಳೆದುಕೊಂಡವನಲ್ಲ.

ಕನ್ನಡ ನಾಡಿನ ಹಿರಿಯರ ಬಾಳು ಇದಕ್ಕೆ ಸಾಕ್ಷಿಯಾಗಿದೆ. ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಅರವತ್ತರ ವಯಸ್ಸಿನಲ್ಲಿ ಧಾರವಾಡದ ಸಾಧನಕೇರಿಗೆ ಮರಳಿದರು. ಮರಳಿ ಸುಮ್ಮನಾಗಲಿಲ್ಲ, ಆಕಾಶವಾಣಿಗೆ ಸಲಹೆಗಾರರಾದರು, 'ನಾಕು ತಂತಿ' 1964ರಲ್ಲಿ ಹೊರಬಂದಿತು. ಮಾಸ್ತಿಯವರು 1943ರಲ್ಲಿ ಸರಕಾರಿ ಹುದ್ದೆಯನ್ನು ಬಿಟ್ಟ ಮೇಲೆ ಬೆಂಗಳೂರಿನಲ್ಲಿಯೇ ಇದ್ದು, 1944ರಿಂದ ಎರಡು ದಶಕಗಳ ಕಾಲ 'ಜೀವನ' ಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು ಪುತ್ತೂರಿನ ದೀರ್ಘವಾಸವನ್ನು ಮುಗಿಸಿ ಮುಪ್ಪಿನಲ್ಲಿ ತಮ್ಮ ಹುಟ್ಟೂರಾದ ಕೋಟದ ಹತ್ತಿರದ ಸಾಲಿಗ್ರಾಮಕ್ಕೆ ಬಂದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಯ ಚುನಾವಣೆಗೆ ನಿಂತಾಗ ಅವರಿಗೆ 87 ವರ್ಷ. ಒಬ್ಬರು ಮರಳಿದರು, ಒಬ್ಬರು ಇದ್ದಲ್ಲಿಯೇ ಇದ್ದರು, ಒಬ್ಬರು ತೆರಳಿದರು. ಮೂವರಿಗೂ ಸಮಾನವಾದುದು ಊರಲ್ಲ, ಕೈಬಿಡದ ಕೆಲಸ. ಎಲ್ಲರೂ ಇವರಂತೆ ಬರೆಯಲಾರರು. ಆದರೆ ಲೆಕ್ಕಾಧಿಕಾರಿಯಾಗಿದ್ದವನು ಊರ ಸಹಕಾರಿ ಸಂಘದ ಪುಸ್ತಕಗಳನ್ನು ನೋಡಿಕೊಡಬಲ್ಲನು. ದಾದಿಯಾಗಿದ್ದವಳು ನೆರೆಯ ಬಾಣಂತಿಗೆ ಧೈರ್ಯ ಹೇಳಬಲ್ಲಳು. ಶಿಕ್ಷಕನು ಸಂಜೆ ನಾಲ್ಕು ಮಕ್ಕಳಿಗೆ ಗಣಿತ ಕಲಿಸಬಲ್ಲನು.

ಇನ್ನೊಂದು ಸಂಗತಿಯು ಬಹಳ ಸಲ ಕಡೆಗಣಿಸಲ್ಪಡುತ್ತದೆ. ಊರನ್ನು ಆರಿಸುವವನು ಸಾಮಾನ್ಯವಾಗಿ ಗಂಡ. ಆ ಊರಿನಲ್ಲಿ ಕೊನೆಯವರೆಗೆ ಉಳಿಯುವವಳು ಸಾಮಾನ್ಯವಾಗಿ ಹೆಂಡತಿ. ಅವಳು ವಯಸ್ಸಿನಲ್ಲಿ ಕಿರಿಯಳು, ಆಯುಷ್ಯದಲ್ಲಿಯೂ ಸಾಮಾನ್ಯವಾಗಿ ದೀರ್ಘಳು. ಗಂಡನ ತೋಟದ ಕನಸಿಗಾಗಿ ಊರಾಚೆ ಎರಡು ಮೈಲಿಗಳ ದೂರದಲ್ಲಿ ಕಟ್ಟಿದ ಮನೆಯಲ್ಲಿ, ಅವನು ತೀರಿಕೊಂಡ ಮೇಲೆ ಎಂಟು-ಹತ್ತು ವರ್ಷ ಅವಳೊಬ್ಬಳೇ ಇರಬೇಕಾಗಬಹುದು. ಹಳೆಯ ಪದ್ಧತಿಯಲ್ಲಿ ಮೂಲವೇತನದ ಅರ್ಧದಷ್ಟಿದ್ದ ವಿಶ್ರಾಂತಿವೇತನವು ಕುಟುಂಬವೇತನವಾಗುವಾಗ ಕ್ರಮೇಣ ಶೇಕಡಾ 30ಕ್ಕೆ ಇಳಿಯುತ್ತದೆ. 2006ರ ಏಪ್ರಿಲ್ ತಿಂಗಳಿನಿಂದೀಚೆಗೆ ರಾಜ್ಯದ ಸೇವೆಗೆ ಸೇರಿದವರಿಗಂತೂ ಆ ಹಳೆಯ ಭರವಸೆಯೇ ಇರಲಿಲ್ಲ. ಆಗ ಅವಳಿಗೆ ಬೇಕಾಗುವುದು ಬೆಟ್ಟದ ನೋಟವಲ್ಲ; ಕೂಗಿದರೆ ಓಗೊಡುವ ಪಕ್ಕದ ಮನೆ. ಸ್ತ್ರೀಯರಿಗೂ ತಮ್ಮ ಮಾತನ್ನು ತಾವೇ ಆಡುವ ಅಧಿಕಾರವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೊಟ್ಟ ಪರಂಪರೆಯವರು ಈ ಒಂದು ನಿರ್ಧಾರದಲ್ಲಿ ಮನೆಯವಳ ಮಾತನ್ನು ಕೇಳದೆ ಮುಂದುವರಿಯುವುದು ಶೋಭಿಸುವುದಿಲ್ಲ. ಅವಳಿಗೆ ಗೆಳತಿಯರಿರುವ ಊರು, ಗಂಡನಿಗೆ ಹಿಡಿಸಿದ ಊರಿಗಿಂತ ಎಷ್ಟೋ ಸಲ ಮೇಲು.

ವೈದ್ಯದ ಅನುಕೂಲವೂ ಹೀಗೆಯೇ ತನ್ನೊಬ್ಬನ ವಿಷಯವಲ್ಲ. ಮೆದುಳಿನ ರಕ್ತನಾಳವು ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಛಾಯಾಚಿತ್ರವನ್ನು ತೆಗೆದು ನೋಡಬೇಕು. ಶಿರಸಿಯಿಂದ ಹುಬ್ಬಳ್ಳಿಯು ಸುಮಾರು 100 ಕಿಲೋಮೀಟರ್. ಅಲ್ಲಿಗೆ ರೈಲಿಲ್ಲ, ಮಳೆಗಾಲದ ರಾತ್ರಿಯ ದಾರಿಯು ಸುಲಭವಲ್ಲ. ಸಾವಿಗೆ ಅಂಜಬಾರದೆಂದು ಹೇಳುವ ಧೀರನೂ, ಸಾಯದೆ ಮಲಗಿದ ತನ್ನನ್ನು ಹತ್ತು ವರ್ಷ ಎತ್ತಿ ಇಳಿಸಬೇಕಾದವರು ಯಾರೆಂಬುದನ್ನು ಎಣಿಸಬೇಕು. ಆಸ್ಪತ್ರೆಯು ಸಮೀಪವಿರಲೆಂದು ಬಯಸುವುದು ಹೇಡಿತನವಾಗದೆ, ಸೇವೆ ಮಾಡುವವರ ಮೇಲಿನ ಕರುಣೆಯೇ ಆಗಬಹುದು.

ಹುಟ್ಟೂರಿಗೆ ಮರಳುವೆವೆಂಬವರೂ ಉಂಟು. ಭಾಷೆ, ದೇವರು, ಗುರುಮನೆ, ಬಂಧುಗಳು ಅಲ್ಲಿ ಇದ್ದಾರೆ. ಆದರೆ ನಲವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಊರು ನೆನಪಿನಲ್ಲಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಅಲ್ಲಿಯೇ ಇದ್ದು ತಂದೆತಾಯಿಗಳನ್ನು ನೋಡಿಕೊಂಡ ತಮ್ಮನು, ಈಗ ಪಾಲು ಕೇಳಲು ಬಂದ ಅಣ್ಣನನ್ನು ಯಾವ ಕಣ್ಣಿನಿಂದ ಕಂಡಾನು? ಮರಳುವವನು ಹಕ್ಕುದಾರನಾಗಿ ಬರುವುದಕ್ಕಿಂತ ಅತಿಥಿಯಾಗಿ ಬಂದು, ಮೆಲ್ಲನೆ ಮನೆಯವನಾಗುವುದು ಲೇಸು.

ನಿರ್ಧಾರಕ್ಕೆ ಮೊದಲು ಅನುಭವವಿರಲಿ ಎಂಬುದು ಶರಣಮಾರ್ಗದ ಸಾಮಾನ್ಯ ಸೂತ್ರ. ಇದು ಇಲ್ಲಿಯೂ ಸಲ್ಲುತ್ತದೆ. ಡಿಸೆಂಬರಿನಲ್ಲಿ ನಾಲ್ಕು ದಿನ ಕಂಡು ಮೆಚ್ಚಿದ ಊರಿನಲ್ಲಿ ಮನೆಯನ್ನು ಕೊಳ್ಳುವುದು ಅವಸರವೇ ಸರಿ. ಮಲೆನಾಡಿನ ಊರಾದರೆ ಜುಲೈ ತಿಂಗಳ ಮಳೆಯಲ್ಲಿ, ಬಯಲುಸೀಮೆಯ ಊರಾದರೆ ಏಪ್ರಿಲಿನ ಬಿಸಿಲಿನಲ್ಲಿ ಬಾಡಿಗೆಗೆ ಇದ್ದು ನೋಡಬೇಕು. ಬಟ್ಟೆ ಒಣಗದ ವಾರ, ವಿದ್ಯುತ್ತಿಲ್ಲದ ರಾತ್ರಿ, ನೀರು ಬಾರದ ದಿನ, ಇವು ಊರಿನ ಸ್ವರೂಪವನ್ನು ಹೇಳುತ್ತವೆ. ಆ ದಿನಗಳಲ್ಲಿ ಬಾಗಿಲಿಗೆ ಬಂದು ವಿಚಾರಿಸಿದವರು ಯಾರೆಂಬುದು ಅದಕ್ಕಿಂತಲೂ ಹೆಚ್ಚಾಗಿ ಹೇಳುತ್ತದೆ. ಮತ್ತು ಆ ದಿನಗಳಲ್ಲಿ ತಾನು ಯಾರ ಬಾಗಿಲಿಗೆ ಹೋದೆನೆಂಬುದು ತನ್ನ ಸ್ವರೂಪವನ್ನು ತನಗೆ ಹೇಳುತ್ತದೆ.

ಶರಣರ ಚರಿತ್ರೆಯು ಒಂದರ್ಥದಲ್ಲಿ ಊರು ಬಿಟ್ಟು ಊರು ಸೇರಿದವರ ಚರಿತ್ರೆಯೇ ಆಗಿದೆ. ಬಸವಣ್ಣನವರು ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವೇಢೆಗೆ, ಮುಂದೆ ಕಲ್ಯಾಣಕ್ಕೆ ಹೋದರು. ಕೊನೆಗೆ ಸಂಗಮಕ್ಕೆ ಮರಳಿದರು. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದರು. ಸಿದ್ಧರಾಮರು ಸೊನ್ನಲಿಗೆಯಲ್ಲಿ ನಿಂತು ಕೆರೆಯನ್ನು ಕಟ್ಟಿಸಿದರು. ಕಲ್ಯಾಣದ ಹವೆಯು ಹಿತವೆಂದು ಕಲ್ಯಾಣಕ್ಕೆ ಬಂದವರು ಇವರಲ್ಲಿ ಯಾರೂ ಇಲ್ಲ. ಯಾರ ಸಂಗದಲ್ಲಿ ಬಾಳಬೇಕು, ಯಾವ ಕಾಯಕಕ್ಕೆ ಕೈಹಾಕಬೇಕು ಎಂಬುದೇ ಅವರ ದಾರಿಯನ್ನು ತೋರಿಸಿತು. ಇಂದಿನ ಗೃಹಸ್ಥನಿಗೆ ಅಷ್ಟು ಎತ್ತರವು ಸಾಧ್ಯವಾಗದಿರಬಹುದು. ಆದರೂ ತನ್ನ ಪಟ್ಟಿಯಲ್ಲಿ ಹವೆ, ಬೆಲೆ, ಆಸ್ಪತ್ರೆ, ರೈಲುಗಳ ಕೆಳಗೆ ಇನ್ನೆರಡು ಸಾಲುಗಳನ್ನು ಅವನು ಬರೆದುಕೊಳ್ಳಬಹುದು: ಅಲ್ಲಿ ತನ್ನ ಸಂಗದವರು ಯಾರು? ಅಲ್ಲಿ ತನ್ನ ಕೆಲಸವೇನು? ಆ ಎರಡಕ್ಕೆ ಉತ್ತರವು ಸಿಕ್ಕಿದ ಊರು ಸ್ವಲ್ಪ ಸೆಕೆಯದಾದರೂ, ಮನೆಯು ಸ್ವಲ್ಪ ಇಕ್ಕಟ್ಟಾದರೂ, ಅಲ್ಲಿ ಮುಪ್ಪು ಹೊರೆಯಾಗದೆ ಸಾಗೀತು.