ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ, ನಮ್ಮ ಮಕ್ಕಳಿಗೂ ಹೇಳಿದ್ದೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿತ್ತೇ ಎಂದು ಬಗ್ಗಿ ನೋಡಿದವರು ಯಾರಾದರೂ ಇದ್ದಾರೆಯೇ? ಮನೆಯಲ್ಲಿ ಸಾಮಾನು ಮುರಿದಾಗಲೂ ಹೀಗೆಯೇ. ಕುಕ್ಕರಿನ ಹಿಡಿ ಕಳಚಲಿ, ಮಿಕ್ಸಿಯ ಮುಚ್ಚಳ ಸೀಳಲಿ, "ಯಾರು ಮುರಿದದ್ದು?" ಎಂಬ ಪ್ರಶ್ನೆ ಮೊದಲು ಬರುತ್ತದೆ. "ಯಾಕೆ ಮುರಿಯಿತು?" ಎಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಯಾರ ಕೈಯಲ್ಲಿತ್ತೋ ಅವರೇ ತಪ್ಪಿತಸ್ಥರು. ಆ ಕೈ ಹೆಚ್ಚಾಗಿ ಹೆಂಗಸಿನದೇ ಆಗಿರುತ್ತದೆ.

ಕಾರು ಓಡಿಸಲು ಕಲಿತ ಮೇಲೆ ಈ ವಿಚಾರಣೆ ಅಲ್ಲಿಗೂ ಬೆನ್ನು ಹತ್ತಿ ಬಂತು. ನಮ್ಮ ಕಾರಿನ ಎಂಜಿನ್ನು ಗಟ್ಟಿ, ಚಕ್ರ ಗಟ್ಟಿ. ಕೈಕೊಡುವುದೆಲ್ಲ ಬೆರಳುದ್ದದ ಸಾಮಾನುಗಳೇ. ಮುಂದಿನ ಸೀಟಿನ ಎದುರಿಗಿರುವ ಗ್ಲೋವ್ ಬಾಕ್ಸಿನ ಬಾಗಿಲನ್ನು ಹಿಡಿದು ನಿಲ್ಲಿಸುವುದು ಉಗುರಗಲದ ಒಂದು ಪ್ಲಾಸ್ಟಿಕ್ ಕೊಕ್ಕೆ. ಬಿಸಿಲಿನಲ್ಲಿ ನಿಂತೂ ನಿಂತೂ ಅದು ಪೆಡಸಾಗಿ ಒಂದು ದಿನ ಟಕ್ಕೆಂದು ಮುರಿಯಿತು. ಅಂದಿನಿಂದ ರಸ್ತೆಯಲ್ಲಿ ಹಳ್ಳ ಬಂದಾಗಲೆಲ್ಲ ಬಾಗಿಲು ಪಕ್ಕದಲ್ಲಿ ಕೂತವರ ಮೊಣಕಾಲಿನ ಮೇಲೆ ಬೀಳತೊಡಗಿತು. ಗ್ಯಾರೇಜಿನವನು, "ಕೊಕ್ಕೆ ಬಿಡಿಯಾಗಿ ಬರಲ್ಲ ಮೇಡಂ, ಪೂರ್ತಿ ಬಾಕ್ಸೇ ತಗೋಬೇಕು. ಸ್ವಲ್ಪ ಮೆತ್ತಗೆ ಮುಚ್ಚಬೇಕಿತ್ತು ನೀವು" ಎಂದ. ಅದೇ ಮಾದರಿಯ ಇನ್ನೆರಡು ಕಾರುಗಳು ಅಲ್ಲೇ ನಿಂತಿದ್ದವು. ಎರಡರಲ್ಲೂ ಅದೇ ಕೊಕ್ಕೆ ಮುರಿದು, ಬಾಗಿಲಿಗೆ ದಾರ ಕಟ್ಟಿದ್ದರು. ಮೂರು ಮನೆಯವರ ಕೈಯೂ ಒರಟೇ?

ಇಷ್ಟು ಸಣ್ಣದಕ್ಕೆ ಧರ್ಮ ಅಧರ್ಮದ ಮಾತೇಕೆ ಎಂದು ನೀವು ಕೇಳಬಹುದು. ಸಣ್ಣದು ಎಂಬ ಮಾತಿನಲ್ಲಿಯೇ ಅಪಾಯ ಅಡಗಿದೆ ಎಂದು ನನಗನ್ನಿಸಿದ್ದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಕಥೆಯನ್ನು ಓದಿದಾಗ. ಆ ಕಂಪನಿಯ ಕೆಲವು ಮಾದರಿಗಳಲ್ಲಿ, ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನೊಳಗಿನ ಪುಟ್ಟ ಸ್ಪ್ರಿಂಗಿಗೆ ಬಿಗಿ ಸಾಲದಾಗಿತ್ತು. ಕೀ ಗೊಂಚಲು ಭಾರವಾಗಿದ್ದರೆ, ಇಲ್ಲವೇ ಮೊಣಕಾಲು ತಗುಲಿದರೆ, ಓಡುವ ಕಾರಿನಲ್ಲಿಯೇ ಕೀ ತಾನಾಗಿ ಹಿಂದಕ್ಕೆ ತಿರುಗಿಬಿಡುತ್ತಿತ್ತು. ಎಂಜಿನ್ನು ನಿಲ್ಲುತ್ತಿತ್ತು, ಸ್ಟೀರಿಂಗು ಬಿಗಿಯಾಗುತ್ತಿತ್ತು, ಡಿಕ್ಕಿಯಾದಾಗ ಏರ್‌ಬ್ಯಾಗು ತೆರೆದುಕೊಳ್ಳುತ್ತಿರಲಿಲ್ಲ. ಕಂಪನಿಯ ಎಂಜಿನಿಯರುಗಳಿಗೆ ಈ ದೋಷ 2005ಕ್ಕೆ ಮುಂಚೆಯೇ ಗೊತ್ತಿತ್ತು. ಸರಿಪಡಿಸಲು ಕಾರೊಂದಕ್ಕೆ ಒಂದು ಡಾಲರಿನಷ್ಟೂ ಹೆಚ್ಚು ಬೇಕಿರಲಿಲ್ಲ. ಆದರೂ ಅದು ದುಬಾರಿ ಎನಿಸಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿಕೊಳ್ಳುವ ಹೊತ್ತಿಗೆ ಪ್ರಾಣಗಳು ಹೋಗಿದ್ದವು. ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124.

ನನ್ನ ಮನಸ್ಸಿನಲ್ಲಿ ಚುಚ್ಚಿಕೊಂಡು ಉಳಿದದ್ದು ಇನ್ನೊಂದು ಸಂಗತಿ. 2005ರಲ್ಲಿ ಕಂಪನಿ ತನ್ನ ಮಾರಾಟಗಾರರಿಗೆ ಕಳಿಸಿದ ಸೂಚನೆಯಲ್ಲಿ, ಓಡಿಸುವವರು ಕುಳ್ಳಗಿದ್ದು ಕೀ ಗೊಂಚಲು ದೊಡ್ಡದಾಗಿದ್ದರೆ ಹೀಗಾಗುವ ಸಂಭವ ಹೆಚ್ಚು ಎಂದು ಬರೆದಿತ್ತು; ಗೊಂಚಲಿನ ಭಾರ ಇಳಿಸಲು ಗಿರಾಕಿಗಳಿಗೆ ಹೇಳಬೇಕು ಎಂದಿತ್ತು. ಸ್ಪ್ರಿಂಗು ಗಿಡ್ಡವಾದದ್ದು ಕಾಣಲಿಲ್ಲ, ಓಡಿಸುವವಳು ಗಿಡ್ಡವಾದದ್ದು ಕಂಡಿತು! ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂರುವವರು, ಮನೆಯ ಕೀ, ಬೀರುವಿನ ಕೀ ಎಲ್ಲವನ್ನೂ ಒಂದೇ ಗೊಂಚಲಿಗೆ ಸೇರಿಸಿಕೊಳ್ಳುವವರು ಯಾರು ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. ಇಂಥದೇ ಒಂದು ಕಾರನ್ನು ಓಡಿಸುತ್ತಿದ್ದ ತರುಣಿಯೊಬ್ಬಳು 2004ರ ಅಪಘಾತದಲ್ಲಿ ತಾನು ಮದುವೆಯಾಗಬೇಕಿದ್ದವನನ್ನು ಕಳೆದುಕೊಂಡಳು. ಅವನ ಸಾವಿಗೆ ತಾನೇ ಕಾರಣಳೆಂದು ನ್ಯಾಯಾಲಯದಲ್ಲಿ ತಪ್ಪನ್ನೂ ಒಪ್ಪಿಕೊಂಡಳು. ಆಕೆ ನಿರಪರಾಧಿ ಎಂದು ತೀರ್ಮಾನವಾದದ್ದು 2014ರಲ್ಲಿ. ಆ ಹತ್ತು ವರ್ಷದ ಸಂಕಟವನ್ನು ಯಾವ ತಕ್ಕಡಿಯಲ್ಲಿ ತೂಗೋಣ?

ಆ ಕಂಪನಿಯಲ್ಲಿ ಯಾರೂ ಯಾರನ್ನೂ ಕೊಲ್ಲಬೇಕೆಂದು ಬಯಸಿರಲಾರರು. ನೂರಾರು ಜನ, ಒಬ್ಬೊಬ್ಬರೂ "ಇದು ಸಣ್ಣದು, ನನ್ನ ಪಾಲಿನದಲ್ಲ" ಎಂದುಕೊಂಡರು, ಅಷ್ಟೇ. ರವಿಕೆಯ ತೋಳು ಬಿಗಿಯಾದರೆ ನಮ್ಮ ಬೀದಿಯ ದರ್ಜಿ ನಮ್ಮ ಮುಖ ನೋಡಲೇಬೇಕು. ಕೊಕ್ಕೆ ಮಾಡಿದವನಿಗೆ ಆ ಕಷ್ಟವಿಲ್ಲ. ಕಾಣದ ಮುಖವನ್ನೂ ನೆನೆದು ಕೆಲಸ ಮಾಡುವುದನ್ನೇ ನಾನು ಧರ್ಮ ಎನ್ನುತ್ತೇನೆ. ದೊಡ್ಡ ಕೆಲಸವನ್ನು ನಾಲ್ಕು ಜನ ನೋಡುತ್ತಾರೆ. ಅಲ್ಲಿ ಎಲ್ಲರೂ ಜಾಗರೂಕರು. ಯಾರೂ ನೋಡದ ಸ್ಪ್ರಿಂಗಿನಲ್ಲಿ ಮನುಷ್ಯನ ನಿಜವಾದ ಗುಣ ತಿಳಿಯುತ್ತದೆ.

ಹಾಗೆಂದು ಗಾದೆ ಪೂರಾ ಸುಳ್ಳಲ್ಲ. ಬಾಗಿಲನ್ನು ಒದ್ದು ಮುಚ್ಚಿ ಕಂಪನಿಯನ್ನು ಬಯ್ಯುವವರೂ ಇದ್ದಾರೆ. ಕೈಯ ತಪ್ಪು ಯಾವುದು, ಸಾಮಾನಿನ ತಪ್ಪು ಯಾವುದು ಎಂದು ತಿಳಿಯುವುದು ಹೇಗೆ? ಒಂದು ಕೈಯಲ್ಲಿ ಮುರಿದರೆ ಕೈಯನ್ನು ನೋಡಬೇಕು. ನೂರು ಕೈಯಲ್ಲಿ ಮುರಿದರೆ ಸಾಮಾನನ್ನು ನೋಡಬೇಕು. ತೊಡಕೆಂದರೆ, ಆ ನೂರು ಕೈಗಳು ನೂರು ಮನೆಗಳಲ್ಲಿವೆ. ಒಬ್ಬೊಬ್ಬಳೂ ತನ್ನದೇ ತಪ್ಪೆಂದು ಸುಮ್ಮನಿದ್ದರೆ ಲೆಕ್ಕ ಯಾವಾಗಲೂ ಒಂದೇ.

ನಮ್ಮ ದೇಶದಲ್ಲಿಯೂ ಈ ಲೆಕ್ಕ ಹಾಕುವ ದಾರಿ ಈಗ ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ವಸ್ತುವಿನ ವಿನ್ಯಾಸದಲ್ಲಿಯೇ ದೋಷವಿದ್ದು ಹಾನಿಯಾದರೆ ತಯಾರಕರನ್ನು ಹೊಣೆ ಮಾಡುತ್ತದೆ. ಏಳು ವರ್ಷದೊಳಗಿನ ವಾಹನಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷವಿದ್ದು, ಮಾರಾಟಕ್ಕೆ ತಕ್ಕಷ್ಟು ಸಂಖ್ಯೆಯ ಮಾಲೀಕರು ದೂರು ಕೊಟ್ಟರೆ, ವಾಹನಗಳನ್ನು ವಾಪಸು ಕರೆಸುವಂತೆ ಸರ್ಕಾರವೇ ಆದೇಶಿಸುವ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಬ್ಬಳು ಹೇಳಿದರೆ ಗೊಣಗಾಟ, ನೂರು ಜನ ಬರೆದರೆ ಸಾಕ್ಷಿ.

ಆದ್ದರಿಂದ, "ನೀವು ಮೆತ್ತಗೆ ಮುಚ್ಚಬೇಕಿತ್ತು" ಎಂದು ಯಾರಾದರೂ ಹೇಳಿದಾಗ ತಲೆ ತಗ್ಗಿಸುವ ಮುಂಚೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: "ನಿಮ್ಮದೂ ಹೀಗೇ ಮುರಿಯಿತಾ?"