ಇಂದಿನ ಧಮ್ಮ ಚಿಂತನೆ: ಸವೆದ ಹಿಡಿ



ಇವತ್ತಿನ ಸರದಿ ನನ್ನದು. ಕೆಲಸದ ಮೇಲೆ ಜಪಾನಿನ ಕೋಬೆಯಲ್ಲಿದ್ದೇನೆ. ಸುತ್ತಗಳನ್ನು ವಿವರಿಸುವಷ್ಟು ಓದಿದವನಲ್ಲ. ನವೆಂಬರ್ ಮೊದಲ ವಾರಾಂತ್ಯ ಮನೆಯವರೆಲ್ಲ ಹೋಗಿಬಂದ ಒಂದು ಜಾತ್ರೆಯ ಮಾತು ಹೇಳುತ್ತೇನೆ. ಊರಿನಿಂದ ಅಮ್ಮನೂ ಬಂದಿದ್ದರು.

ಕೋಬೆಯಿಂದ ರೈಲಿನಲ್ಲಿ ಹೋದರೆ ಮಿಕಿ ಎಂಬ ಊರು. ಕಮ್ಮಾರರ ಊರು. 1580ರಲ್ಲಿ ಮುತ್ತಿಗೆ ಮುಗಿದಾಗ ಊರು ಹಾಳಾಗಿತ್ತು. ಮತ್ತೆ ಕಟ್ಟಲು ಬಡಗಿಗಳು ಬಂದರು, ಅವರಿಗೆ ಹತಾರ ಮಾಡಿಕೊಡಲು ಕಮ್ಮಾರರು ನೆಲೆಸಿದರು ಎನ್ನುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿ ಹತಾರಗಳದೇ ಜಾತ್ರೆ. ಗರಗಸ, ಹತ್ತರಿ, ಕರಣೆ, ಉಳಿ. ಅವರ ಗರಗಸ ತಳ್ಳಿದಾಗಲ್ಲ, ಎಳೆದಾಗ ಕೊಯ್ಯುತ್ತದೆ. ಉಳಿಗೆ ಮೆತ್ತನೆಯ ಕಬ್ಬಿಣದ ಮೇಲೆ ಗಟ್ಟಿ ಉಕ್ಕನ್ನು ಕಾಸಿ ಬೆಸೆಯುತ್ತಾರೆ. ಬರೀ ಉಕ್ಕಾದರೆ ಪೆಟ್ಟಿಗೆ ಸಿಡಿಯುತ್ತದೆ, ಬರೀ ಕಬ್ಬಿಣವಾದರೆ ಹರಿತ ನಿಲ್ಲುವುದಿಲ್ಲ. ಮಾಡಿದವನ ಹೆಸರು ಲೋಹದ ಮೇಲೇ ಒತ್ತಿರುತ್ತದೆ.

ಒಂದು ಮಳಿಗೆಯಲ್ಲಿ ಹಳೆಯ ಉಳಿಗಳಿದ್ದವು. ಅಮ್ಮ ಒಂದನ್ನು ಎತ್ತಿ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಪುಟ್ಟೀ, ನಿಮ್ಮ ತಾತನ ರಂಪಿಗೇನೂ ಹಿಂಗೇ ಸವೆದಿತ್ತು ಕಣವ್ವ. ಬೆರಳು ಇಡೋ ಜಾಗ ಕುಳಿ ಬಿದ್ದಿತ್ತು."

"ರಂಪಿಗೆ ಅಂದ್ರೆ ಏನಜ್ಜಿ?"

"ಚರ್ಮ ಕುಯ್ಯೋದು. ತಾತ ಮೆಟ್ಟು ಹೊಲೀತಿದ್ರಲ್ಲ."

ಬಂಧುಗಳೇ, ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಹಿಂದೆ ತಿರುಗಿ ನೋಡಿದೆ, ಯಾರಿಗಾದರೂ ಕೇಳಿಸಿತೇ ಎಂದು. ಕನ್ನಡದ ಒಂದು ಅಕ್ಷರ ತಿಳಿಯದ ಜನರ ನಡುವೆ! 22 ಪ್ರತಿಜ್ಞೆ ಸ್ವೀಕರಿಸಿದವನು ನಾನು. ಮಗಳಿಗೆ ಈವರೆಗೆ ಹೇಳಿದ್ದು, ತಾತ ಊರಲ್ಲಿ ಕೆಲಸ ಮಾಡುತ್ತಿದ್ದರು ಎಂದಷ್ಟೇ.

ಸಂಯುತ್ತ ನಿಕಾಯದಲ್ಲಿ ಭಗವಾನರು ಬಡಗಿಯ ಬಾಚಿಯ ಹಿಡಿಯನ್ನು ಹೋಲಿಕೆಯಾಗಿ ಕೊಡುತ್ತಾರೆ. ಹಿಡಿಯಲ್ಲಿ ಬೆರಳುಗಳ ಗುರುತು ಕಾಣುತ್ತದೆ. ಇವತ್ತು ಎಷ್ಟು ಸವೆಯಿತು, ನಿನ್ನೆ ಎಷ್ಟು ಎಂದು ಬಡಗಿಗೆ ಗೊತ್ತಾಗದು. ಸವೆದದ್ದು ಮಾತ್ರ ಗೊತ್ತಾಗುತ್ತದೆ. ಸಾಧನೆಯಲ್ಲಿ ತೊಡಗಿದವನ ಮನಸ್ಸಿನ ಕೊಳೆಯೂ ಹಾಗೇ ಸವೆಯುತ್ತದಂತೆ. ಇದನ್ನು ಓದಿ ಎಷ್ಟೋ ಸಲ ತಲೆದೂಗಿದ್ದೆ. ನನ್ನ ಅಂಜಿಕೆ ಸವೆದೇ ಇಲ್ಲ ಎಂದು ತಿಳಿದದ್ದು ಆ ಮಳಿಗೆಯಲ್ಲಿ.

ಜಪಾನ್ ಬೌದ್ಧರ ನಾಡು, ಇಲ್ಲಿ ದುಡಿಮೆಗೆ ಗೌರವ ಎಂದು ನಮ್ಮವರು ಹೊಗಳುವುದುಂಟು. ಅರ್ಧ ನಿಜ. ಕಮ್ಮಾರನ ಹೆಸರನ್ನು ಉಕ್ಕಿನ ಮೇಲೆ ಒತ್ತುವ ಈ ನಾಡಿನಲ್ಲೇ ಚರ್ಮದ ಕೆಲಸದವರನ್ನು ಊರಾಚೆ ಇಟ್ಟಿದ್ದರು. 1871ರಲ್ಲಿ ಸರ್ಕಾರ ಆ ಕೀಳು ಪಟ್ಟವನ್ನು ತೆಗೆದುಹಾಕಿತು, ಮದುವೆ, ನೌಕರಿಯಲ್ಲಿ ಭೇದ ಹೋಗಲಿಲ್ಲ. 1922ರಲ್ಲಿ ಅವರೇ ಕ್ಯೋಟೋದಲ್ಲಿ ಸೇರಿ ಸುಯ್‌ಹೇಯ್‌ಶಾ ಸಂಘಟನೆ ಕಟ್ಟಿದರು. ಸತ್ತ ಮೇಲೂ ಅವರಿಗೆ ಅವಮಾನದ ಹೆಸರು ಇಟ್ಟ ಬೌದ್ಧ ದೇವಾಲಯಗಳಿದ್ದವು. ಇದನ್ನು ನಾವು ತಿಳಿದಿರಬೇಕು. ಜಾತಿ ಕೆಲಸವನ್ನಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆಯುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು.

ಹಾಗೆಂದು ಅಪ್ಪನ ಕಸುಬನ್ನು ನಾನು ಪೂಜಿಸಲಾರೆ. ಅದು ಅವರು ಆರಿಸಿಕೊಂಡದ್ದಲ್ಲ, ಮೇಲೆ ಹೇರಿದ್ದು. ಮಗ ಅದನ್ನು ಮುಟ್ಟಬಾರದೆಂದೇ ನನ್ನನ್ನು ಹಾಸ್ಟೆಲಿಗೆ ಸೇರಿಸಿದರು. ಆದರೆ ಕಸುಬು ಬಿಡುವುದು ಬೇರೆ, ಅಪ್ಪನನ್ನೇ ಬಚ್ಚಿಡುವುದು ಬೇರೆ.

ವಾಪಸು ಬರುವಾಗ ರೈಲಿನಲ್ಲಿ ಮಗಳು ಕೇಳಿದಳು, "ಅಪ್ಪಾ, ತಾತನ ರಂಪಿಗೆ ಮೇಲೂ ಹೆಸರಿತ್ತಾ?"

"ಇರಲಿಲ್ಲ ಮಗಾ."

"ಅದೀಗ ಎಲ್ಲಿದೆ?"

"ಮನೆ ಬದಲಾಯಿಸುವಾಗ ಕಳೆದೋಯ್ತು ಪುಟ್ಟಿ" ಎಂದರು ಅಮ್ಮ. ಅವರಿಗೆ ಹಾಗೆಂದು ಹೇಳಿದ್ದವನು ನಾನೇ. ದಿನಾ ಬೆಳಿಗ್ಗೆ ಪಂಚಶೀಲದಲ್ಲಿ ಸುಳ್ಳಾಡುವುದಿಲ್ಲ ಎನ್ನುವ ಇದೇ ಬಾಯಿಂದ.

"ಇಲ್ಲಮ್ಮ, ಕಳೆದಿಲ್ಲ. ಆಫೀಸಿನವರು ಮನೆಗೆ ಬರ್ತಾರೆ ಅಂತ ಗುಜರಿಗೆ ಹಾಕಿದೆ."

ಅಮ್ಮ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ಮಗಳ ಕೈ ಎಳೆದುಕೊಂಡು, ಅವಳ ಅಂಗೈಯಲ್ಲಿ ಬೆರಳಿಟ್ಟು, ತಾತ ರಂಪಿಗೆ ಹೇಗೆ ಹಿಡಿಯುತ್ತಿದ್ದರು ಎಂದು ತೋರಿಸತೊಡಗಿದರು.

ಜೈ ಭೀಮ್ 🙏